ಸ್ವಂತ ದನಿಯ ಅರ್ಜಿ

ನಮ್ಮೂರಿನಲ್ಲಿ ಕಾಯಿಲೆ ಕೈಮೀರಿದರೆ ಮೊದಲು ಹೊರಟುಹೋಗುವುದು ದನಿ. ಹಸಿವು, ನಿದ್ದೆ ಎಲ್ಲ ಆಮೇಲೆ. ಹೊರಟ ದನಿ ಬಹಳ ದೂರವೇನೂ ಹೋಗುವುದಿಲ್ಲ. ಆ ಹೊತ್ತಿಗೆ ರೋಗಿಯ ಕೈಯನ್ನು ಯಾರು ಹಿಡಿದಿರುತ್ತಾರೋ ಅವರ ಗಂಟಲಿಗೆ ಬಂದು, ಅವರ ಸ್ವಂತ ದನಿಯನ್ನು ಹೊರಗೆ ಕಾಯಿಸಿ ಕೂರುತ್ತದೆ. ರೋಗಿ ಚೇತರಿಸಿಕೊಂಡರೆ ಅದರ ಪಾಡಿಗೆ ಅದು ವಾಪಸು ಹೋಗುತ್ತದೆ. ಅದಕ್ಕೇ ನಮ್ಮ ಮನೆಗಳಲ್ಲಿ ಜ್ವರ ಏರಿದವರ ಹಣೆ ಮುಟ್ಟಿ ನೋಡುತ್ತಾರೆ, ಪಾದ ಒತ್ತುತ್ತಾರೆ, ಕೈಯನ್ನು ಮಾತ್ರ ಕಂಬಳಿಯೊಳಗೆ ಸೇರಿಸಿ ಆಸ್ಪತ್ರೆಗೆ ಹೊತ್ತು ತರುತ್ತಾರೆ. ಆಸ್ಪತ್ರೆಯ ಮಹಡಿಯ ಮೇಲೆ ದನಿವಾರ್ಡು. ಎರಡು ಮಂಚ, ಇಬ್ಬರು ನರ್ಸುಗಳು. ಕೈ ಹಿಡಿಯುವುದು ನಮ್ಮ ಕೆಲಸ.

ಆ ಇಬ್ಬರಲ್ಲಿ ನಾನೊಬ್ಬಳು, ವಾರಿಜಾ. ಇನ್ನೊಬ್ಬರು ಎಸ್ತೇರಮ್ಮ. ಈ ಕೆಲಸಕ್ಕೆ ನಾನು ಸೇರಿದ್ದು ನನ್ನ ಅಜ್ಜಿಯಿಂದಾಗಿ ಎಂದು ಹೇಳಿದರೆ ಅಜ್ಜಿಗೆ ಕೋಪ ಬರುತ್ತದೆ. ಆದರೆ ನಿಜ ಅದೇ. ಚಿಕ್ಕಂದಿನಿಂದ ಅವಳ ತೊಡೆಯ ಮೇಲೆ ಮಲಗಿ, ಹಾಡನ್ನು ಬಾವಿಯೊಳಗೆ ಬಚ್ಚಿಟ್ಟ ಅಗಸಗಿತ್ತಿ, ಸತ್ತ ಗಂಡನ ಸೀನನ್ನು ಸೆರಗಿನಲ್ಲಿ ಕಟ್ಟಿಕೊಂಡು ಊರೂರು ಅಲೆದ ಹೆಂಗಸು, ಇಂಥವರ ಕಥೆ ಕೇಳಿ ಕೇಳಿ ಬೆಳೆದ ನನಗೆ ಇನ್ನೊಬ್ಬರ ದನಿಯನ್ನು ಗಂಟಲಲ್ಲಿ ಇಟ್ಟುಕೊಂಡು ಕಾಯುವುದು ರಾಣಿಯ ಒಡವೆ ಕಾಯುವಷ್ಟು ದೊಡ್ಡ ಕೆಲಸವಾಗಿ ಕಂಡಿತ್ತು. ಮೇಟ್ರನ್ ದಾಕ್ಷಾಯಣಮ್ಮ ಹೊಸಬರನ್ನು ಸಾಲಾಗಿ ನಿಲ್ಲಿಸಿ ಮಹಡಿಯ ವಾರ್ಡಿಗೆ ಯಾರು ಹೋಗುತ್ತೀರಿ ಎಂದು ಕೇಳಿದಾಗ ಎಲ್ಲರೂ ನೆಲ ನೋಡಿದರು. ನಾನೊಬ್ಬಳು ಕೈ ಎತ್ತಿದೆ.

ಒಡವೆ ಸುಮ್ಮನಿರುತ್ತದೆ, ದನಿ ಸುಮ್ಮನಿರುವುದಿಲ್ಲ ಎನ್ನುವುದನ್ನು ಯಾವ ಕಥೆಯೂ ಹೇಳಿಕೊಟ್ಟಿರಲಿಲ್ಲ. ರೋಗಿ ತುಟಿ ಅಲ್ಲಾಡಿಸಿದರೆ ಅವನ ಮಾತು ನನ್ನ ಬಾಯಲ್ಲಿ ಬರುತ್ತದೆ. ನೋಡಲು ಬಂದ ಮಗನಿಗೆ ಬೈಯುವುದೂ ನಾನೇ, ಅದೇ ಮಗ ಅತ್ತರೆ ಸಮಾಧಾನ ಹೇಳುವುದೂ ನಾನೇ. ಯಾವ ಸೊಸೆಗೆ ಮನೆ, ಯಾವ ಮಗಳಿಗೆ ಬರೀ ಒಳ್ಳೆ ಮಾತು ಎನ್ನುವುದನ್ನು ಅವರ ಎದುರಿಗೇ ನನ್ನ ಬಾಯಿಂದ ಹೇಳಿ, ಆ ಮಗಳು ನನ್ನ ಕಡೆಗೇ ಕೆಂಡದಂತೆ ನೋಡುವಾಗ ಅವಳ ಅಪ್ಪನಿಗೆ ಗಂಜಿ ಕುಡಿಸಬೇಕು. ರೋಗಿ ತೀರಿಕೊಂಡರೆ ದನಿ ಕೂಡಲೇ ಹೋಗುವುದಿಲ್ಲ. ಮನೆಯವರಲ್ಲೊಬ್ಬರು ಅದನ್ನು ಕೇಳಿ, "ಸಾಕು, ಹೋಗಿ ಬಾ" ಅನ್ನಬೇಕು. ಅನ್ನಲು ಕೆಲವರಿಗೆ ಮನಸ್ಸು ಬರುವುದಿಲ್ಲ. ಒಬ್ಬ ಹೆಂಗಸು ನನ್ನನ್ನು ತನ್ನ ಮನೆಯ ಜಗುಲಿಯಲ್ಲಿ ಕೂರಿಸಿಕೊಂಡು, "ನನ್ನ ಹೆಸರು ಒಂದ್ಸಲ ಕರಿ ತಾಯಿ, ಒಂದೇ ಒಂದ್ಸಲ" ಎನ್ನುತ್ತ ದಿನಗಟ್ಟಲೆ ಕಳೆದಳು. ನಾನು ಅವಳ ಗಂಡನ ದನಿಯಲ್ಲಿ ಕರೆಯುತ್ತಿದ್ದೆ. ಅವಳು ಓಗೊಡುತ್ತಿದ್ದಳು. ಅವಳ ಅತ್ತೆಯೇ ಕೊನೆಗೆ ಬಾಗಿಲ ಹಿಂದಿನಿಂದ "ಸಾಕು ಹೋಗಪ್ಪಾ" ಅಂದಿದ್ದು.

ಇಷ್ಟರ ಮೇಲೆ ಆಸ್ಪತ್ರೆಯ ಗೋಡೆಗೆ ಬರೆದ ನಿಯಮ ಒಂದಿದೆ: ದನಿ ಯಾರದೋ ಮಾತೂ ಅವರದೇ ಎಂದು ತಿಳಿಯತಕ್ಕದ್ದು. ರೋಗಿಗೆ ಅನ್ಯಾಯ ಆಗಬಾರದು ಎಂದು ಯಾರೋ ಒಳ್ಳೆಯ ಮನಸ್ಸಿನಿಂದ ಮಾಡಿದ ನಿಯಮವೇ. ಆದರೆ ನರ್ಸು ತನಗೆ ತಲೆನೋವು ಎಂದರೆ ಮಂಚದ ಮೇಲಿದ್ದವನಿಗೆ ಮಾತ್ರೆ ಬರುತ್ತದೆ. ನನಗೆ ಹಸಿವು ಎಂದು ಅಡುಗೆಮನೆಗೆ ಹೇಳಿಕಳಿಸಿದರೆ, ಪಥ್ಯದಲ್ಲಿರುವವನಿಗೆ ಹಸಿವೇನು ಎಂದು ಬರೀ ತಿಳಿಸಾರು ಕಳಿಸುತ್ತಾರೆ.

ಮನೆಗೆ ಹೋದರೂ ದನಿ ಜೊತೆಗೇ ಬರುತ್ತದೆ. ಅಜ್ಜಿಗೆ ಮೊದಮೊದಲು ಇದು ತಮಾಷೆಯಾಗಿತ್ತು. ಬಾಗಿಲಲ್ಲೇ "ಇವತ್ಯಾರು ನೆಂಟ್ರು?" ಎಂದು ಕೇಳಿ, ದನಿಗೆ ತಕ್ಕ ಹಾಗೆ ಬನ್ನಿ ಕೂತ್ಕೊಳ್ಳಿ ಎನ್ನುವ ಮರ್ಯಾದೆ ಕೊಡುತ್ತಿದ್ದಳು. ತೊಂದರೆ ಶುರುವಾಗಿದ್ದು ಕಥೆಯ ಹೊತ್ತಿನಲ್ಲಿ. ಕೇಳುವವರು ಹೂಂಗುಡದೆ ಅಜ್ಜಿಯ ಕಥೆ ಮುಂದಕ್ಕೆ ಹೋಗುವುದಿಲ್ಲ. ನಾನು ಯಾರೋ ಗಡಸು ಗಂಡಸಿನ ದನಿಯಲ್ಲಿ ಹೂಂ ಎಂದರೆ ಅವಳು ಸೆರಗು ಸರಿಮಾಡಿಕೊಂಡು ಎದ್ದು ಕೂರುತ್ತಿದ್ದಳು.

"ಪರಗಂಡಸರ ಮುಂದೆ ರಾಜಕುಮಾರಿ ಸ್ನಾನ ಮಾಡಿದ್ದೆಲ್ಲ ಹೇಳಕ್ಕಾಗಲ್ಲ ಕಣೆ. ನಿನ್ನ ದನಿ ಬಂದಾಗ ಹೇಳ್ತೀನಿ, ಮಲಕೋ."

ಆ ರಾಜಕುಮಾರಿ ಕೊಳದ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತವಳು ಹಾಗೇ ನಿಂತಿದ್ದಾಳೆ. ಅಜ್ಜಿಗೆ ಮರೆವು ಶುರುವಾಗಿದೆ. ಯಾವ ಕೊಳ ಎನ್ನುವುದೇ ಈಗ ಅವಳಿಗೆ ನೆನಪಿಲ್ಲ.

ನನಗೆ ನಿಜವಾದ ಹೆದರಿಕೆ ಹುಟ್ಟಿಸಿದ್ದು ಎಸ್ತೇರಮ್ಮ. ಅವರೇನೂ ಮಾಡಲಿಲ್ಲ ಪಾಪ. ನನಗಿಂತ ಎಷ್ಟೋ ಮೊದಲು ಈ ವಾರ್ಡಿಗೆ ಬಂದವರು. ಗಂಟಲಲ್ಲಿ ರೋಗಿಯ ದನಿ ಇದ್ದಾಗ ಪಟಪಟ ಮಾತಾಡುತ್ತ, ನಗುತ್ತ, ನನ್ನನ್ನು ರೇಗಿಸುತ್ತ ಓಡಾಡುವರು. ಆ ದನಿ ಹೊರಟುಹೋಗಿ ಇನ್ನೊಂದು ಬರುವ ನಡುವೆ ಅವರು ಬಾಯಿ ತೆರೆದರೆ ಬರೀ ಗಾಳಿ. ಅವರ ಸ್ವಂತ ದನಿ ಕಾದು ಕಾದು ಬೇಸತ್ತು ಯಾವತ್ತೋ ಎಲ್ಲಿಗೋ ಹೋಗಿಬಿಟ್ಟಿತ್ತು. ಅದು ಹೇಗಿತ್ತು ಎಂದು ಆಸ್ಪತ್ರೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಒಮ್ಮೆ ಅವರನ್ನೇ ಕೇಳಿದೆ. ಆಗ ಅವರ ಗಂಟಲಲ್ಲಿ ಶಾಲೆಗೆ ಹೋಗುವ ಒಬ್ಬಳು ಹುಡುಗಿಯ ದನಿಯಿತ್ತು.

"ಚೆನ್ನಾಗಿತ್ತು ಅಂತ ನಮ್ಮಮ್ಮ ಹೇಳ್ತಿದ್ದಳು ಕಣೇ. ಅಮ್ಮಂದಿರು ಹೇಳೋದೇನು ಬಿಡು," ಎಂದು ಆ ಎಳೆಯ ದನಿಯಲ್ಲಿ ನಕ್ಕರು. ನಾನು ಅವತ್ತೇ ತೀರ್ಮಾನ ಮಾಡಿದೆ. ಇಲ್ಲಿಂದ ಬದಲಿ ಮಾಡಿಸಿಕೊಳ್ಳಬೇಕು. ಕೆಳಗಿನ ಕಣ್ಣಿನ ವಾರ್ಡಾಗಲಿ, ಹೆರಿಗೆ ವಾರ್ಡಾಗಲಿ, ಕೊನೆಗೆ ಬಟ್ಟೆ ಕುದಿಸುವ ಕೋಣೆಯಾಗಲಿ.

ಬದಲಿ ಕೇಳಬೇಕಾದರೆ ಮೇಟ್ರನ್ ಎದುರು ನಿಂತು ಕೇಳಬೇಕು. ಬರೆದುಕೊಟ್ಟರೂ ಆಗುತ್ತದೆ, ಆದರೆ ಬರೆದದ್ದನ್ನು ಅವರೆದುರು ಓದಿ ಹೇಳಬೇಕು, ಓದಿದ ದನಿ ಯಾರದೋ ಅರ್ಜಿ ಅವರದು. ಅಂದರೆ ನನ್ನ ಗಂಟಲು ಖಾಲಿಯಿರುವ ಹೊತ್ತು ಬೇಕು. ಅಂಥ ಹೊತ್ತು ಒಂದು ಲೋಟ ನೀರು ಕುಡಿಯುವಷ್ಟು ಮಾತ್ರ. ಮೆಟ್ಟಿಲ ಮೇಲೆ ಯಾವಾಗಲೂ ಯಾರಾದರೂ ಕಾದಿರುತ್ತಾರೆ.

ಒಮ್ಮೆ ಅದೃಷ್ಟ ಕೂಡಿಬಂತು. ಒಬ್ಬ ರೋಗಿ ಬೆಳಿಗ್ಗೆಯೇ ಗುಣವಾಗಿ ತನ್ನ ದನಿಯಲ್ಲಿ ತಾನೇ ಕೆಮ್ಮಿದ. ನನ್ನ ದನಿ ಗಂಟಲಿಗೆ ಬಂದಿದ್ದೇ ತಡ, ಚಪ್ಪಲಿ ಕೂಡ ಹಾಕಿಕೊಳ್ಳದೆ ಮೆಟ್ಟಿಲಿಳಿದು ಓಡಿದೆ. ಓಡುತ್ತ, ಮರೆತುಹೋಗಬಾರದೆಂದು, "ಮೇಡಂ, ನನಗೆ ಬದಲಿ ಬೇಕು, ಮೇಡಂ, ನನಗೆ ಬದಲಿ ಬೇಕು" ಎಂದು ಹೇಳಿಕೊಳ್ಳುತ್ತಿದ್ದೆ. ಎಷ್ಟೋ ದಿನದ ಮೇಲೆ ನನ್ನ ದನಿಯನ್ನು ನಾನೇ ಕೇಳುತ್ತಿದ್ದೆ. ಅದನ್ನು ಕೇಳುವ ಸುಖದಲ್ಲಿ ಎದುರು ಬರುತ್ತಿದ್ದವರನ್ನು ನೋಡಲಿಲ್ಲ. ಮೆಟ್ಟಿಲ ತಿರುವಿನಲ್ಲಿ ಒಬ್ಬರನ್ನು ಕುರ್ಚಿಯ ಮೇಲೆ ಕೂರಿಸಿ ಹೊತ್ತು ತರುತ್ತಿದ್ದರು. ಕುರ್ಚಿ ವಾಲಿತು. ಅದರಲ್ಲಿದ್ದ ಮುದುಕರು ಬೀಳುವ ಭಯಕ್ಕೆ ಸಿಕ್ಕಿದ್ದನ್ನು ಹಿಡಿದುಕೊಂಡರು. ಸಿಕ್ಕಿದ್ದು ನನ್ನ ಕೈ. "ಮೇಡಂ, ನನಗೆ" ಎನ್ನುವವರೆಗೆ ನನ್ನ ದನಿಯಿತ್ತು. "ಬದಲಿ ಬೇಕು" ಎನ್ನುವಾಗ ಗುಡುಗಿದಂತಾಯಿತು.

ಅವರು ಪಾತ್ರೆಗೆ ಕಲಾಯಿ ಹಾಕುವ ದಸ್ತಗೀರ್ ಸಾಬರು. ಜೀವಮಾನವೆಲ್ಲ ಬೀದಿ ಬೀದಿಯಲ್ಲಿ "ಕಲಾಯೀ, ಪಾತ್ರೆಗೆ ಕಲಾಯೀ" ಎಂದು ಕೂಗಿ ಕೂಗಿ ಪಳಗಿದ ದನಿ. ಒಲೆಯ ಹೊಗೆ ಕುಡಿದು ಎದೆ ಕೆಟ್ಟಿತ್ತು. ಅಷ್ಟು ದೊಡ್ಡ ದನಿಗೆ ನನ್ನ ಗಂಟಲು ಸಾಲದೆ ಕುತ್ತಿಗೆಯ ನರ ನೋಯುತ್ತಿತ್ತು. ನಾನು ಪಿಸುಗುಟ್ಟಿದರೂ ಕೆಳಗಿನ ಹೆರಿಗೆ ವಾರ್ಡಿನಲ್ಲಿ ಕೂಸುಗಳು ಎಚ್ಚರಾಗುತ್ತಿದ್ದವು.

ಆದರೂ ಕೇಳಿಯೇಬಿಡುವುದೆಂದು ತೀರ್ಮಾನಿಸಿಯಾಗಿತ್ತು. ಮೇಟ್ರನ್ ಕೋಣೆ ಮೆಟ್ಟಿಲ ಬುಡದಲ್ಲೇ ಇತ್ತು. ಮುಖ ನೋಡಿದರೆ ಅವರಿಗೆ ಗೊತ್ತಾಗದೆ ಇರುತ್ತದೆಯೇ ಎಂದುಕೊಂಡೆ. ಸಾಬರನ್ನು ಮಂಚಕ್ಕೆ ಸೇರಿಸಿ, ಔಷಧ ಕುಡಿಸಿ, ಅವರು ಕಣ್ಣು ಮುಚ್ಚಿದ ಮೇಲೆ ಮತ್ತೆ ಇಳಿದು ಹೋಗಿ ದಾಕ್ಷಾಯಣಮ್ಮನ ಮೇಜಿನ ಮುಂದೆ ನಿಂತೆ.

"ಮೇಡಂ, ನನ್ನನ್ನ ಈ ವಾರ್ಡಿನಿಂದ ಬಿಡಿಸಿ. ನನಗೆ ಇಲ್ಲಿ ಇರಕ್ಕೆ ಆಗ್ತಿಲ್ಲ."

ಕಿಟಕಿಯ ಗಾಜು ಅದುರಿತು. ಮೇಟ್ರನ್ ಕನ್ನಡಕ ತೆಗೆದು ನನ್ನನ್ನು ನೋಡಿದರು. ನನ್ನನ್ನಲ್ಲ, ನನ್ನ ಗಂಟಲನ್ನು.

"ಈಗ ತಾನೆ ಬಂದಿದೀರಲ್ಲ ಸಾಬ್ರೇ. ಒಂದೆರಡು ದಿನ ಇದ್ದು ನೋಡಿ."

"ಸಾಬರಲ್ಲ ಮೇಡಂ, ನಾನು ವಾರಿಜಾ. ನನಗೆ ಬದಲಿ ಬೇಕು."

"ಜ್ವರ ತಲೆಗೇರಿದೆ," ಎಂದು ಅವರು ಮರುಕದಿಂದ ಹೇಳಿದರು. "ಆಯ್ತು, ಬಲವಂತ ಇಲ್ಲ. ನಿಮ್ಮಿಷ್ಟ."

ಹೇಗೋ ಬದಲಿ ಸಿಕ್ಕಿತೆಂದುಕೊಂಡು ಸಮಾಧಾನವಾಗಿ ಊಟಕ್ಕೆ ಹೋದೆ. ಅವತ್ತು ಎಸ್ತೇರಮ್ಮನಿಗೆ ರಜೆ. ನಾನು ಕೈ ತೊಳೆದು ಮಹಡಿ ಹತ್ತಿ ಬಂದರೆ ಸಾಬರ ಮಂಚ ಖಾಲಿಯಾಗಿತ್ತು. ಅವರು ಕೇಳಿಕೊಂಡರೆಂದು ಅವರನ್ನು ಅದೇ ಕುರ್ಚಿಯಲ್ಲಿ ಕೂರಿಸಿ ಮನೆಗೆ ಕಳಿಸಿಬಿಟ್ಟಿದ್ದರು. ನಾನು ಮೇಟ್ರನ್ ಬಳಿ ಓಡಿದೆ, ಅವರನ್ನು ವಾಪಸು ಕರೆಸಿ ಎಂದೆ. ಅವರು ಸುಸ್ತಾದವರಂತೆ ಕೈಮೇಲೆ ಗಲ್ಲ ಊರಿದರು.

"ಆಗ ಹೋಗ್ತೀನಿ ಅಂದ್ರಿ, ಈಗ ಬರ್ತೀನಿ ಅಂತೀರ. ಮನೇಲಿ ಕೂತು ಯೋಚನೆ ಮಾಡಿ ಸಾಬ್ರೇ. ಬರೋ ಮನಸ್ಸಾದರೆ ಖುದ್ದಾಗಿ ಬಾಗಿಲಿಗೆ ಬನ್ನಿ."

ಹೀಗೆ ರೋಗಿ ಒಂದು ಕಡೆ, ಅವರ ದನಿ ಒಂದು ಕಡೆ ಆಯಿತು. ಕೆಲಸ ಮುಗಿದ ಕೂಡಲೇ ನಾನು ಸಾಬರ ಮನೆ ಹುಡುಕಿಕೊಂಡು ಹೋದೆ. ಎಡವಟ್ಟಿಗೆ ಉಗಿಸಿಕೊಳ್ಳಲು ಸಿದ್ಧಳಾಗಿಯೇ ಬಾಗಿಲು ತಟ್ಟಿದೆ. ಅವರ ಹೆಂಡತಿ ಖೈರೂನ್‌ಬಿ ಬಾಗಿಲು ತೆಗೆದು, ನಾನು ಬಾಯಿ ಬಿಟ್ಟ ಕೂಡಲೇ, "ಬಂದ್ರಾ" ಎಂದು ಗಂಡನ ದನಿಯನ್ನು ಒಳಗೆ ಕರೆದುಕೊಂಡಳು. ಸಾಬರು ಒಲೆ ಊದುವ ತಮ್ಮ ತಿದಿಯ ಪಕ್ಕ ಹಾಸಿಗೆ ಹಾಕಿಸಿಕೊಂಡು ಮಲಗಿದ್ದರು. ಖೈರೂನ್‌ಬಿ ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ದನಿ ಹೊರಟುಹೋದವರ ಕೈ ಹಿಡಿಯಲು ಭಯವಿಲ್ಲವಲ್ಲ.

ಸಾಬರ ತುಟಿ ಅಲ್ಲಾಡಿತು. ನನ್ನ ಬಾಯಲ್ಲಿ ಅವರ ಮಾತು ಬಂತು. "ನನ್ನನ್ನ ಮನೆಗೆ ಕಳಿಸಿದ ಪುಣ್ಯಾತ್ಮರು ಯಾರು?"

"ನಾನೇ, ಗೊತ್ತಿಲ್ಲದೆ," ಎಂದು ನಡೆದದ್ದೆಲ್ಲ ಹೇಳಿದೆ. ಅದೂ ಅವರದೇ ದನಿಯಲ್ಲಿ. ಗಂಡ ತನ್ನನ್ನು ತಾನೇ ಬೈದುಕೊಳ್ಳುತ್ತಿದ್ದಾನೆ ಎನ್ನುವ ಹಾಗೆ ಖೈರೂನ್‌ಬಿ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡುತ್ತಿದ್ದಳು. ಸಾಬರ ಹೊಟ್ಟೆ ಕುಣಿಯಿತು. ನಗು ನನ್ನ ಬಾಯಿಂದ ಹೊರಬಿತ್ತು.

"ಒಳ್ಳೇದೇ ಆಯ್ತು ಬಿಡು ಮಗಳೇ. ನಾನಿಲ್ಲೇ ಇರ್ತೀನಿ."

ಅವರು ಇಲ್ಲೇ ಇರುತ್ತೇನೆ ಎಂದರೆ ನಾನು ಏನು ಹೇಳಲಿ? ಬಾಗಿಲಿಗೆ ಬಂದು ಕೇಳಬೇಕಾದವರು ಅವರು. ಅವರು ಇಲ್ಲಿ ಮಲಗಿರುವಷ್ಟು ದಿನ ನನಗೆ ಬಿಡುಗಡೆಯಿಲ್ಲ. ಅದಕ್ಕಿಂತ ಹೆಚ್ಚಾಗಿ, ಅವರ ಉಸಿರು ನನಗೆ ಹಿಡಿಸಲಿಲ್ಲ. ಪಾತ್ರೆಯ ತಳ ಕೆರೆದ ಹಾಗೆ ಸದ್ದು ಮಾಡುತ್ತಿತ್ತು. ದಿನಾ ಸಂಜೆ ಹೋಗಿ ಎದೆಗೆ ಬಿಸಿ ಕೊಟ್ಟು, ಬೆನ್ನಿಗೆ ದಿಂಬು ಕೊಟ್ಟು, ಅವರಿಬ್ಬರ ನಡುವೆ ಮಾತು ಸಾಗಿಸಿ ಬರುತ್ತಿದ್ದೆ. ಆ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಮುದುಕ ಗಂಡ ಹೆಂಡಿರು ಮೂರನೆಯವರ ಬಾಯಲ್ಲಿ ಇಷ್ಟು ನಾಚಿಕೆಯಿಲ್ಲದೆ ಮಾತಾಡಬಲ್ಲರು ಎಂದು ನನಗೆ ಗೊತ್ತಿರಲಿಲ್ಲ.

ಒಂದು ಸಂಜೆ ಹೋದಾಗ ಅವರ ಉಗುರು ನೀಲಿಯಾಗಿತ್ತು. ಖೈರೂನ್‌ಬಿ ನನ್ನ ಕಡೆ ನೋಡದೆ ಗಂಡನಿಗೇ ಹೇಳಿದಳು: "ನೀವು ಇಲ್ಲೇ ಹೋದ್ರೆ 'ಸಾಕು ಹೋಗಿ' ಅಂತ ಈ ಹುಡುಗಿ ಮುಖ ನೋಡ್ಕೊಂಡು ನಾನು ಹೇಳ್ಬೇಕು. ನನ್ನ ಕೈಲಾಗಲ್ಲ. ಹೇಳಲ್ಲ ಅಂದ್ರೆ ಹೇಳಲ್ಲ. ಇವಳು ನಿಮ್ಮ ದನಿ ಹೊತ್ಕೊಂಡು ಮುದುಕಿ ಆಗ್ಲಿ."

ಸಾಬರು ಹೆಂಡತಿಯ ಕಡೆ ತಿರುಗಿದರು. ಆಮೇಲೆ ತುಟಿ ಅಲ್ಲಾಡಿತು. "ಕುರ್ಚಿ ತರಿಸು."

ಆಸ್ಪತ್ರೆಯ ಬಾಗಿಲಲ್ಲಿ ಅವರು ನನ್ನ ಬಾಯಿಂದ ಬರುತ್ತೇನೆ ಎಂದರು. ದಾಕ್ಷಾಯಣಮ್ಮ ಈ ಸಲ ಅವರ ತುಟಿಯನ್ನೂ ನೋಡಿ, ನನ್ನ ಮುಖವನ್ನೂ ನೋಡಿ, ಏನನ್ನೂ ಕೇಳದೆ ಮಂಚ ಕೊಟ್ಟರು. ಎದೆ ತಿಳಿಯಾಗಲು ಬಹಳ ದಿನ ಹಿಡಿಯಿತು. ನಾನು ಅವರನ್ನು ಬಿಟ್ಟು ಊಟಕ್ಕೂ ಹೋಗದೆ ನೋಡಿಕೊಂಡೆ. ಬದಲಿಯ ಆಸೆಯಿಂದಲೋ ಅವರ ಮೇಲಿನ ಅಕ್ಕರೆಯಿಂದಲೋ ಎಂದು ಕೇಳಿದರೆ, ಎರಡೂ ಎಂದು ಹೇಳಬೇಕು.

ಅವರ ದನಿ ವಾಪಸು ಹೋದದ್ದು ಒಂದು ಬೆಳಿಗ್ಗೆ, ಮೇಟ್ರನ್ ವಾರ್ಡು ನೋಡಲು ಬಂದಿದ್ದ ಹೊತ್ತಿನಲ್ಲಿ. ಗಂಟಲಿಂದ ಭಾರದ ಕೊಡ ಇಳಿಸಿದ ಹಾಗಾಯಿತು. ಸಾಬರು ಎದ್ದು ಕೂತು ತಮ್ಮ ಗಂಟಲು ಸವರಿಕೊಂಡು ಕೂಗಿದರು.

"ಏನ್ ಮಗಳೇ, ನನ್ನ ದನಿ ಇಷ್ಟು ಮೆತ್ತಗೆ ಮಾಡಿಟ್ಟಿದೀಯ. ಇನ್ನು ಯಾರು ಪಾತ್ರೆ ತರ್ತಾರೆ?"

ನಾನು ನಗಲಿಲ್ಲ. ನಕ್ಕರೆ ಹೊತ್ತು ಹೋಗುತ್ತದೆ. ಎದುರು ಮಂಚದ ರೋಗಿ ಹಿಂದಿನ ದಿನವಷ್ಟೇ ತೀರಿಕೊಂಡಿದ್ದ. ಅವನ ಮನೆಯವರು ಆಗಷ್ಟೇ ಸಾಕು ಎಂದು ಹೋಗಿದ್ದರು. ಎಸ್ತೇರಮ್ಮ ದನಿಯಿಲ್ಲದೆ ಆ ಮಂಚದ ಹೊದಿಕೆ ಬದಲಿಸುತ್ತಿದ್ದರು. ಮೆಟ್ಟಿಲ ಮೇಲೆ ಆಗಲೇ ಕಾಲ ಸಪ್ಪಳ ಕೇಳುತ್ತಿತ್ತು. ನಾನು ಮೇಟ್ರನ್ ಎದುರು ನಿಂತೆ.

"ಮೇಡಂ, ಇದು ನನ್ನ ದನಿ. ವಾರಿಜಾ. ನನಗೆ ಬದಲಿ ಬೇಕು. ಮನೇಲಿ ಅಜ್ಜಿಗೆ ಹೂಂ ಅನ್ನಕ್ಕೂ ನನ್ನ ಹತ್ರ ಸ್ವಂತ ದನಿ ಇರಲ್ಲ. ಇನ್ನೂ ಸ್ವಲ್ಪ ದಿನ ಇಲ್ಲಿದ್ರೆ ಅದು ಹೊರಟೇಹೋಗುತ್ತೆ."

ಹೇಳಿ ಮುಗಿಸಿದೆ. ಇಷ್ಟು ಕಾಲ ಕಾದದ್ದು ಇಷ್ಟಕ್ಕೇ. ದಾಕ್ಷಾಯಣಮ್ಮ ನನ್ನ ಭುಜದ ಮೇಲೆ ಕೈಯಿಟ್ಟರು.

"ಕೇಳಿಸ್ತು ವಾರಿಜಾ. ನಿನ್ನ ದನೀಲೇ ಕೇಳಿಸ್ತು. ಆಗಲ್ಲ."

"ಯಾಕೆ ಮೇಡಂ?"

"ನಿನ್ನ ಜಾಗಕ್ಕೆ ಯಾರು ಬರ್ತಾರೆ ಹೇಳು. ಕೆಳಗೆ ಎಲ್ಲರನ್ನೂ ಕೇಳಿ ಆಗಿದೆ. ಒಬ್ಬಳಿಗೆ ಎದೆಹಾಲಿನ ಕೂಸಂತೆ, ಒಬ್ಬಳಿಗೆ ಮದುವೆ ಗೊತ್ತಾಗಿದೆಯಂತೆ, ಇನ್ನೊಬ್ಬಳು ಕಾಲಿಗೆ ಬಿದ್ಲು. ಒಪ್ಪಿದವರು ಸಿಗೋವರೆಗೂ ನಿನ್ನ ಬಿಡಕ್ಕೆ ನನಗೆ ಅಧಿಕಾರ ಇಲ್ಲ ಕಣಮ್ಮ. ನನ್ನನ್ನ ಬೈಕೋ, ಪರವಾಗಿಲ್ಲ."

ಬೈಯಲು ದನಿಯಿತ್ತು. ಮಾತು ಬರಲಿಲ್ಲ. ದನಿ ಸಿಕ್ಕಿದರೆ ಸಾಕು ಎಂದುಕೊಂಡಿದ್ದೆ. ಕೇಳಿಸಿಕೊಂಡ ಮೇಲೂ ಇಲ್ಲ ಅನ್ನಬಹುದು ಎನ್ನುವುದು ನನಗೆ ಹೊಳೆದೇ ಇರಲಿಲ್ಲ.

ಅಷ್ಟರಲ್ಲಿ ಹೊತ್ತು ತಂದವರು ಒಳಗೆ ಬಂದರು. ಹುಣಸೆಹಣ್ಣು ಮಾರುವ ಒಬ್ಬಳು ಮುದುಕಿ, ಕಣ್ಣು ಮುಚ್ಚಿದ್ದಳು, ಉಸಿರಷ್ಟೇ ಇತ್ತು. ಮಲಗಿಸಿದಾಗ ಅವಳ ಕೈ ಮಂಚದ ಈ ಕಡೆ, ನನ್ನ ಕಡೆಗೇ ಜೋತುಬಿದ್ದಿತ್ತು. ನಾನು ಕೈ ಚಾಚಿದೆ. ಇನ್ನೇನು ಮಾಡಲಿ, ನನ್ನ ಕೆಲಸ ಅದು. ಎಸ್ತೇರಮ್ಮ ಕೈಲಿದ್ದ ಹೊದಿಕೆಯನ್ನು ನೆಲಕ್ಕೆ ಬಿಟ್ಟು, ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ತಳ್ಳಿ, ಆ ಕೈ ಹಿಡಿದರು. ಹಿಡಿದವರೇ ತಲೆಯೆತ್ತಿ, ಮುದುಕಿಯ ಒಣಗಿದ ದನಿಯಲ್ಲಿ ಮೇಟ್ರನ್ ಕಡೆ ತಿರುಗಿ ಹೇಳಿದರು.

"ನನ್ನ ನೋಡ್ಕಳಕ್ಕೆ ಇವರೊಬ್ಬರೇ ಸಾಕು ಕಣವ್ವ. ಆ ಹುಡುಗಿ ಬ್ಯಾಡ. ಅವಳ ಕಂಡ್ರೆ ನನಗಾಗಲ್ಲ, ಅವಳನ್ನ ಇಲ್ಲಿಂದ ಕಳ್ಸು."

ರೋಗಿ ಬೇಡವೆಂದ ನರ್ಸನ್ನು ಆ ಕ್ಷಣವೇ ವಾರ್ಡಿನಿಂದ ತೆಗೆಯಬೇಕು. ಅದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ, ಬದಲಿಗೆ ಯಾರು ಎನ್ನುವ ಪ್ರಶ್ನೆಯೂ ಇಲ್ಲ. ನಾನು ಮುದುಕಿಯ ಮುಖ ನೋಡಿದೆ. ತುಟಿ ಅಲ್ಲಾಡಿರಲಿಲ್ಲ. ಅವಳು ನನ್ನನ್ನು ಕಂಡೇ ಇರಲಿಲ್ಲ. ಆ ಮಾತು ಎಸ್ತೇರಮ್ಮನದು. ರೋಗಿ ಹೇಳದ ಮಾತನ್ನು ರೋಗಿಯದೇ ಎಂದು ನರ್ಸು ಬೇಕೆಂದೇ ಹೇಳಿದರೆ ಕೆಲಸ ಹೋಗುತ್ತದೆ, ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ದಾಕ್ಷಾಯಣಮ್ಮನೂ ಮುದುಕಿಯ ತುಟಿ ನೋಡುತ್ತಿದ್ದರು. ನೋಡುತ್ತ ನಿಂತವರು ಕನ್ನಡಕ ತೆಗೆದು, ಸೆರಗಿನ ತುದಿಯಿಂದ ಒರೆಸಲು ಶುರುಮಾಡಿದರು. ಬಹಳ ಹೊತ್ತು ಒರೆಸಿದರು.

"ರೋಗಿ ಹೇಳಿದ ಮೇಲೆ ಮುಗೀತು," ಎಂದರು ಕೊನೆಗೆ. "ಕಣ್ಣಿನ ವಾರ್ಡಿಗೆ ಹೋಗು."

"ಎಸ್ತೇರಮ್ಮ," ಎಂದೆ. ಒಬ್ಬರೇ ಎರಡು ಮಂಚವನ್ನು ಹೇಗೆ ನೋಡಿಕೊಳ್ಳುತ್ತೀರಿ ಎಂದು ಕೇಳಬೇಕಿತ್ತು. ಎಷ್ಟು ದಿನ ಎಂದು ಕೇಳಬೇಕಿತ್ತು. ಅವರು ನನ್ನ ಕಡೆ ತಿರುಗಲಿಲ್ಲ. ಮುದುಕಿಯ ಹಣೆಯ ಕೂದಲು ಸರಿಸುತ್ತ, ಅದೇ ಒಣ ದನಿಯಲ್ಲಿ, "ಇನ್ನೂ ಇಲ್ಲೇ ನಿಂತಿದಾಳಲ್ಲ ಇವಳು" ಎಂದು ಗೊಣಗಿದರು. ಸಾಬರು ನನಗೆ ಬಾಗಿಲ ಕಡೆ ಕಣ್ಸನ್ನೆ ಮಾಡಿದರು. ನಾನು ಚಪ್ಪಲಿ ಹಾಕಿಕೊಂಡು ಮೆಟ್ಟಿಲಿಳಿದೆ. ಈ ಸಲ ಓಡಲಿಲ್ಲ.

ಕಣ್ಣಿನ ವಾರ್ಡು ಉದ್ದನೆಯ ತಣ್ಣನೆಯ ಕೋಣೆ. ಎರಡೂ ಸಾಲಿನಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡವರು ದಿಂಬಿಗೊರಗಿ ಕೂತಿದ್ದರು. ಅಲ್ಲಿಯ ಮೇಲ್ವಿಚಾರಕ ಚನ್ನವೀರಯ್ಯ ಹತ್ತಿ ಸುರುಳಿ ಸುತ್ತುತ್ತಿದ್ದವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಮಹಡಿಯಿಂದ ಕೆಳಕ್ಕೆ ಬಂದವರನ್ನ ನಾನು ಕಂಡೇ ಇಲ್ಲ ಸಿಸ್ಟರ್. ಅದ್ಹೇಗೆ ಬಿಟ್ರು ನಿಮ್ಮನ್ನ?"

ನಡೆದದ್ದನ್ನು ಹೇಳಿದರೆ ಎಸ್ತೇರಮ್ಮ ಆಸ್ಪತ್ರೆಯಲ್ಲಿ ಉಳಿಯುವುದಿಲ್ಲ. ಹೇಳದೆ ಇದ್ದರೆ ಇವನು ಕೇಳುತ್ತಲೇ ಇರುತ್ತಾನೆ. ನಾನು ಬಾಯಿ ತೆರೆದೆ. ದನಿ ಹೊರಗೆ ಬಂತು, ಬಳಸದೆ ಬಿಟ್ಟ ಬಾಗಿಲಿನಂತೆ ಕಿರುಗುಟ್ಟುತ್ತ.

"ರೋಗಿಗೆ ನಾನು ಬೇಡವಾದೆ."

"ಏನಂದ್ರಿ?"

ಪಟ್ಟಿ ಕಟ್ಟಿದ ಮುಖಗಳೆಲ್ಲ ನನ್ನ ಕಡೆಗೆ ತಿರುಗಿದ್ದವು. ನಾನು ಯಾರು ಎನ್ನುವುದು ಇನ್ನು ಮುಂದೆ ಅವರಿಗೆ ಗೊತ್ತಾಗುವುದು ಈ ದನಿಯಿಂದಲೇ. ಗಂಟಲು ಸರಿಮಾಡಿಕೊಂಡು, ಕೊನೆಯ ಮಂಚದವರಿಗೂ ಕೇಳುವ ಹಾಗೆ, ಅದೇ ಮಾತನ್ನು ಇನ್ನೊಂದು ಸಲ ಹೇಳಿದೆ.